ಹುಲ್ಲುಹಾಸಿನ ಅಡ್ಡದಾರಿ

ಗ್ರಂಥಾಲಯದ ಮೆಟ್ಟಿಲಿನಿಂದ ಕ್ಯಾಂಟೀನಿನ ಬಾಗಿಲಿಗೆ ಕಲ್ಲು ಹಾಸಿದ ದಾರಿಯಲ್ಲಿ ಹೋದರೆ ನೂರಾ ನಲವತ್ತು ಹೆಜ್ಜೆ. ಹುಲ್ಲಿನ ಮೇಲೆ ಅಡ್ಡ ಹಾಯ್ದರೆ ತೊಂಬತ್ತೊಂಬತ್ತು. ಉಳಿಯುವ ಆ ನಲವತ್ತೊಂದು ಹೆಜ್ಜೆಯೇ ಹುಲ್ಲಪ್ಪನ ಹೊಟ್ಟೆ ಉರಿಸುತ್ತಿದ್ದದ್ದು.

ಹುಲ್ಲಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವನು ಕಾಲೇಜಿನ ತೋಟದ ಮೇಲ್ವಿಚಾರಕನಾಗಿ ಬಂದ ವಾರದಲ್ಲೇ ವಿದ್ಯಾರ್ಥಿಗಳು ಅದನ್ನು ದಯಪಾಲಿಸಿದ್ದರು. ಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಪ್ರಿನ್ಸಿಪಾಲರೂ ಸಂಕೋಚವಿಲ್ಲದೆ ಕರೆಯತೊಡಗಿದರು. ನಿಜವಾದ ಹೆಸರು ಸೇವಾ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಕಾಲೇಜು ನೋಡಲು ಸುಂದರವಾಗಿತ್ತು ಎಂದರೆ ಸಾಲದು, ನೋಡಲಿಕ್ಕೆಂದೇ ಜನ ಬರುತ್ತಿದ್ದರು. ಕೆಂಪು ಕಲ್ಲಿನ ಗ್ರಂಥಾಲಯ, ಅದರ ಮುಂದೆ ಇಪ್ಪತ್ತೆರಡು ಕಮಾನುಗಳ ಉದ್ದನೆಯ ಮೊಗಸಾಲೆ, ಮೂಲೆಯಲ್ಲಿ ಹತ್ತು ನಿಮಿಷ ಹಿಂದೆ ಓಡುವ ಗಡಿಯಾರದ ಗೋಪುರ, ಬೆನ್ನಿಗೆ ಹಸಿರು ಗುಡ್ಡ. ಮೊಗಸಾಲೆಯ ಉದ್ದಕ್ಕೂ ಬಾದಾಮಿ ಮರಗಳು. ನಡುವೆ ಒಂದು ಕೊಳ, ಕೊಳದ ಪಕ್ಕ ವಿಶಾಲವಾದ ಹುಲ್ಲುಹಾಸು. ಇದನ್ನೆಲ್ಲ ಕಾಗದದ ಮೇಲೆ ಬಿಡಿಸಿದ ಪುಣ್ಯಾತ್ಮ ಹುಲ್ಲುಹಾಸಿನ ಸುತ್ತ ನೆಟ್ಟಗೆ ಹೋಗಿ ನೆಟ್ಟಗೆ ತಿರುಗುವ ಕಲ್ಲಿನ ದಾರಿ ಮಾಡಿಸಿದ್ದ. ಅವನು ಲೆಕ್ಕಾಚಾರದಲ್ಲಿ ಬುದ್ಧಿವಂತನಿರಬಹುದು, ಆದರೆ ಹತ್ತೂವರೆಯ ಗಂಟೆ ಬಾರಿಸಿದಾಗ ಹಸಿದ ವಿದ್ಯಾರ್ಥಿ ಹೇಗೆ ನಡೆಯುತ್ತಾನೆ ಎಂದು ಒಂದು ದಿನವೂ ನೋಡಿದಂತಿರಲಿಲ್ಲ. ಕಾಲೇಜು ಶುರುವಾದ ವರ್ಷವೇ ಹುಲ್ಲಿನ ಮೇಲೆ ಅಡ್ಡಡ್ಡವಾಗಿ ಒಂದು ಕಾಲುದಾರಿ ಮೂಡಿತು. ಹುಲ್ಲಪ್ಪ ಅದರ ಮೇಲೆ ಬೀಜ ಹಾಕಿದ್ದ, ಗೊಬ್ಬರ ಹಾಕಿದ್ದ, ಕುಂಡ ಇಟ್ಟಿದ್ದ. ಕುಂಡದ ಮೇಲೆ ವಿದ್ಯಾರ್ಥಿಗಳು ಕೂತು ಪಾಠ ಓದಿದರು. ದಾರಿ ಮಾತ್ರ ಕದಲಲಿಲ್ಲ.

ಆ ದಿನ ಬೆಳಗ್ಗೆ ಎಂಟಕ್ಕೆ ಪ್ರಿನ್ಸಿಪಾಲರು ಅವನನ್ನು ಮೇಲಿನ ಮಹಡಿಯ ತಮ್ಮ ಕೋಣೆಗೆ ಕರೆಸಿ ಕಿಟಕಿಯ ಹತ್ತಿರ ನಿಲ್ಲಿಸಿಕೊಂಡರು.

"ಇಲ್ಲಿಂದ ಏನು ಕಾಣುತ್ತೆ ಹೇಳಿ ಹುಲ್ಲಪ್ಪ."

"ಹುಲ್ಲು ಸಾರ್."

"ಹುಲ್ಲಿನ ಮೇಲೆ?"

"ಹುಡುಗರು ಸಾರ್."

"ಹುಡುಗರ ಕಾಲ ಕೆಳಗೆ?"

ಹುಲ್ಲಪ್ಪ ತನ್ನ ಕಾಲನ್ನು ನೋಡಿಕೊಂಡ. ಪ್ರಿನ್ಸಿಪಾಲರು ಮೇಜಿನ ಮೇಲಿದ್ದ ಒಂದು ಕಾಗದ ತೆಗೆದು ಅವನ ಮೂಗಿನ ಹತ್ತಿರ ಹಿಡಿದರು. ಅದು ಅತಿ ಸುಂದರ ಕಾಲೇಜು ಆವರಣ ಸ್ಪರ್ಧೆಯ ಹೋದ ವರ್ಷದ ವರದಿ. ಎರಡನೆಯ ಬಹುಮಾನ ಎಂದು ಬರೆದು, ಕೆಳಗೆ 'ಹುಲ್ಲುಹಾಸಿನ ನಡುವಿನ ಸವೆದ ಗುರುತು ಕಣ್ಣಿಗೆ ಕುಕ್ಕುತ್ತದೆ' ಎಂದು ಸೇರಿಸಿದ್ದರು. ಮೊದಲ ಬಹುಮಾನ ನದಿಯ ಆಚೆ ದಡದ ಕಾಲೇಜಿಗೆ ಹೋಗಿತ್ತು. ಹೋದರೆ ಹೋಗಲಿ ಎನ್ನಬಹುದಿತ್ತು, ಆದರೆ ಆ ಕಾಲೇಜಿನ ಪ್ರಿನ್ಸಿಪಾಲರು ಈ ಪ್ರಿನ್ಸಿಪಾಲರ ಷಡ್ಡಕ. ಇಬ್ಬರ ಹೆಂಡತಿಯರೂ ಅಕ್ಕತಂಗಿಯರಾದ್ದರಿಂದ ತಿಂಗಳಿಗೆ ಎರಡು ಸಲವಾದರೂ ಒಂದೇ ಮೇಜಿನಲ್ಲಿ ಊಟ ಮಾಡಬೇಕಾಗಿತ್ತು. ಒಂದು ವರ್ಷದಿಂದ ಷಡ್ಡಕ ಪ್ರತಿ ಊಟದಲ್ಲೂ "ನಿಮ್ಮ ಹುಲ್ಲು ಹೇಗಿದೆ?" ಎಂದು ಬಹಳ ಅಕ್ಕರೆಯಿಂದ ವಿಚಾರಿಸುತ್ತಿದ್ದರು.

"ಇವತ್ತು ಮಧ್ಯಾಹ್ನ ಮೂರಕ್ಕೆ ತೀರ್ಪುಗಾರರು ಬರ್ತಾರೆ," ಎಂದರು ಪ್ರಿನ್ಸಿಪಾಲರು. "ಅಷ್ಟರಲ್ಲಿ ಆ ದಾರಿ ಇರಬಾರದು."

"ಸಾರ್, ಅದು ನಲವತ್ತು ವರ್ಷದ ದಾರಿ."

"ದಾರಿ ಇದ್ದರೆ ನೀವು ತೋಟದಲ್ಲಿ ಇರಲ್ಲ. ಕೆಳಗೆ ದಾಖಲೆ ಕೋಣೆಯಲ್ಲಿ ಜಾಗ ಖಾಲಿ ಇದೆ. ನಾಳೆಯಿಂದ ಅಲ್ಲಿ ಕೂತುಕೊಳ್ಳಿ."

ದಾಖಲೆ ಕೋಣೆ ಗ್ರಂಥಾಲಯದ ತಳದಲ್ಲಿತ್ತು. ಇದ್ದ ಒಂದೇ ಕಿಂಡಿ ಒಂದು ನೋಟ್‌ಬುಕ್ಕಿನಷ್ಟು ದೊಡ್ಡದು. ಅಲ್ಲಿದ್ದ ಹಿಂದಿನ ಗುಮಾಸ್ತ ಕಪ್ಪು ಕೂದಲಿನಲ್ಲಿ ಒಳಗೆ ಹೋಗಿ ಬಿಳಿ ಕೂದಲಿನಲ್ಲಿ ಹೊರಗೆ ಬಂದವನು, ಬಂದ ಮೇಲೂ ಆರು ತಿಂಗಳು ಬಿಸಿಲು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹುಲ್ಲಪ್ಪನಿಗೆ ಮನೆಯ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡರೂ ಉಸಿರು ಕಟ್ಟುತ್ತಿತ್ತು. ಬೆಳಗ್ಗೆ ಐದಕ್ಕೆ ಒದ್ದೆ ಹುಲ್ಲಿನ ಮೇಲೆ ನಿಂತು ಗುಡ್ಡದ ಕಡೆಯಿಂದ ಬರುವ ಗಾಳಿಯನ್ನು ಒಂದು ಸಲ ಎಳೆದುಕೊಳ್ಳದಿದ್ದರೆ ಅವನಿಗೆ ದಿನ ಶುರುವಾದಂತೆಯೇ ಅನ್ನಿಸುತ್ತಿರಲಿಲ್ಲ. ಸಂಬಳ ಇಲ್ಲದಿದ್ದರೂ ಈ ತೋಟದಲ್ಲಿ ಇರುತ್ತಿದ್ದ, ಆದರೆ ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

"ಮೂರು ಗಂಟೆಗೆ ದಾರಿ ಇರಲ್ಲ ಸಾರ್," ಎಂದು ಹೇಳಿ ಕೆಳಗಿಳಿದ.

ಅವನ ಕೈಕೆಳಗಿನ ಮೂವರು ಮಾಲಿಗಳನ್ನೂ ಪ್ರಿನ್ಸಿಪಾಲರು ಗೇಟಿನ ಹತ್ತಿರ ಕುಂಡ ಜೋಡಿಸಲು ಹಿಡಿದುಕೊಂಡಿದ್ದರು. ಕುಂಡ ಜೋಡಿಸುವುದು ಮುಗಿದ ಮೇಲೆ ಅದರ ಎಲೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಬೇಕೆಂದೂ ಅಪ್ಪಣೆಯಾಗಿತ್ತು. ಹೀಗಾಗಿ ಹುಲ್ಲಪ್ಪ ಒಬ್ಬನೇ ಸಲಿಕೆ ಮತ್ತು ಕೈಗಾಡಿ ಹಿಡಿದು ಹೊರಟ. ಅವನ ಉಪಾಯ ಸರಳವಾಗಿತ್ತು. ಗ್ರಂಥಾಲಯದ ಹಿಂಭಾಗದಲ್ಲಿ, ಹಲ್ಲಿಗಳನ್ನು ಬಿಟ್ಟರೆ ಯಾರೂ ನೋಡದ ಜಾಗದಲ್ಲಿ ದಟ್ಟವಾದ ಹುಲ್ಲು ಬೆಳೆದಿತ್ತು. ಅದನ್ನು ಬೇರು ಮಣ್ಣು ಸಮೇತ ಕಾಲೊರೆಸುವ ಬಟ್ಟೆಯಷ್ಟು ಅಗಲದ ತುಂಡುಗಳಾಗಿ ಕತ್ತರಿಸಿ ಎತ್ತುವುದು, ತಂದು ದಾರಿಯ ಮೇಲೆ ಹಾಸುವುದು. ಹರಿದ ಅಂಗಿಗೆ ಒಳಮಡಿಕೆಯ ಬಟ್ಟೆ ಕತ್ತರಿಸಿ ತೇಪೆ ಹಾಕಿದ ಹಾಗೆ. ಒಂಬತ್ತೂವರೆಯ ಹೊತ್ತಿಗೆ ಬೆನ್ನು ಬಿಲ್ಲಾಗಿತ್ತು, ಆದರೆ ದಾರಿ ಮುಚ್ಚಿಹೋಗಿತ್ತು. ಹುಲ್ಲಪ್ಪ ದೂರ ನಿಂತು ನೋಡಿದ. ಅವನಿಗೇ ನಂಬಲಾಗಲಿಲ್ಲ.

ಅಷ್ಟರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ಬಂದರು. ಯಾವ ಗಿಡ ಕಂಡರೂ ಅದರ ಕುಶಲ ವಿಚಾರಿಸದೆ ಮುಂದೆ ಹೋಗುವವರಲ್ಲ ಅವರು. ಬಗ್ಗಿ ಹುಲ್ಲಿನ ಒಂದು ತುಂಡನ್ನು ಬೆರಳಿನಿಂದ ಒತ್ತಿ ನೋಡಿದರು.

"ಏನ್ರೀ ಹುಲ್ಲಪ್ಪ, ಈ ಹುಲ್ಲು ಗಾಬರಿಯಾಗಿದೆ."

"ಹುಲ್ಲಿಗೆ ಎಂಥ ಗಾಬರಿ ಸಾರ್?"

"ನೀವು ಮಲಗಿದ್ದಾಗ ನಿಮ್ಮನ್ನ ಹಾಸಿಗೆ ಸಮೇತ ಎತ್ತಿಕೊಂಡು ಹೋಗಿ ಬೇರೆ ಮನೆಯಲ್ಲಿ ಹಾಕಿದರೆ ನಿಮಗೆ ಹೇಗಾಗುತ್ತೆ?"

"ಎಚ್ಚರ ಆಗದಿದ್ದರೆ ಪರವಾಗಿಲ್ಲ ಸಾರ್."

"ತಮಾಷೆ ಅಲ್ಲ ಇದು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಣಗಿ ಹಳದಿ ಆಗುತ್ತೆ. ನೀರು ಬಿಡಿ. ಚಿಮುಕಿಸೋದಲ್ಲ, ಬೇರು ಮುಳುಗೋ ಹಾಗೆ ಬಿಡಿ."

ಹಳದಿ ಎಂಬ ಮಾತು ಕೇಳಿದ್ದೇ ಹುಲ್ಲಪ್ಪನ ಕಣ್ಣ ಮುಂದೆ ನೋಟ್‌ಬುಕ್ಕಿನಷ್ಟು ಕಿಂಡಿ ಬಂದು ನಿಂತಿತು. ಓಡಿಹೋಗಿ ದಪ್ಪ ಪೈಪು ತಂದು ನಲ್ಲಿ ಪೂರ್ತಿ ತಿರುಗಿಸಿದ. ಐದು ನಿಮಿಷ ಬಿಟ್ಟು ನಿಲ್ಲಿಸಬೇಕು ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು "ಅಂದಹಾಗೆ ಈ ಹುಲ್ಲು ಎಲ್ಲಿಂದ ತಂದಿರಿ?" ಎಂದು ಕೇಳಿದರು. ಹೇಳಿದ. ಹೇಳಬಾರದಿತ್ತು. ಗ್ರಂಥಾಲಯದ ಹಿಂಭಾಗದಲ್ಲಿ ಮೇಷ್ಟ್ರು ಎರಡು ವರ್ಷದಿಂದ ಒಂದು ಕಳೆಯ ಗಿಡದ ಬೆಳವಣಿಗೆಯನ್ನು ಅಳೆದು ಬರೆದಿಡುತ್ತಿದ್ದರಂತೆ. ಹುಲ್ಲಪ್ಪನ ಮೊಣಕೈ ಹಿಡಿದು ಅಲ್ಲಿಗೇ ಎಳೆದುಕೊಂಡು ಹೋದರು. ಗಿಡ ಇದ್ದ ಜಾಗದಲ್ಲಿ ಕೆಂಪು ಮಣ್ಣು ಬಾಯಿ ತೆರೆದುಕೊಂಡಿತ್ತು. ಅಲ್ಲಿ ನಿಂತು ಮೇಷ್ಟ್ರು ಆ ಗಿಡದ ಹುಟ್ಟು, ಗುಣ, ಸ್ವಭಾವ, ಅದರಿಂದ ಲೋಕಕ್ಕೆ ಆಗಬಹುದಾಗಿದ್ದ ಉಪಕಾರ ಎಲ್ಲವನ್ನೂ ವಿವರಿಸಿದರು. ಹುಲ್ಲಪ್ಪ ನಾಲ್ಕು ಸಲ "ಸಾರ್, ನೀರು" ಎಂದ. ಮೇಷ್ಟ್ರು ನಾಲ್ಕು ಸಲವೂ "ಅದಕ್ಕೆ ನೀರು ಜಾಸ್ತಿ ಬೇಕಾಗಿರಲಿಲ್ಲ ರೀ, ಅದೇ ಅದರ ವಿಶೇಷ" ಎಂದರು.

ಅರ್ಧ ಗಂಟೆಯ ಮೇಲೆ ಬಿಡಿಸಿಕೊಂಡು ಬಂದು ನೋಡಿದರೆ ದಾರಿಯ ಜಾಗದಲ್ಲಿ ಕಾಲುವೆ ಹರಿಯುತ್ತಿತ್ತು. ಬೆಳಗ್ಗೆ ಹಾಸಿದ ಹುಲ್ಲಿನ ತುಂಡುಗಳು ಮಣ್ಣು ಬಿಟ್ಟು ಮೇಲೆದ್ದು, ಬಾತುಕೋಳಿಗಳ ಹಾಗೆ ಒಂದರ ಹಿಂದೆ ಒಂದು ಕ್ಯಾಂಟೀನಿನ ಕಡೆಗೆ ತೇಲುತ್ತಿದ್ದವು. ಒಂದು ಗೊರವಂಕ ಹಕ್ಕಿ ನಡುನೀರಿನಲ್ಲಿ ನಿಂತು ರೆಕ್ಕೆ ಬಡಿದು ಸ್ನಾನ ಮಾಡುತ್ತಿತ್ತು. ಹಿಂದೆಯೇ ಬಂದ ಮೇಷ್ಟ್ರು ಇಣುಕಿ ನೋಡಿ, "ಸ್ವಲ್ಪ ಜಾಸ್ತಿ ಆಯ್ತೇನೋ," ಎಂದು ತರಗತಿಗೆ ನಡೆದರು.

ಹುಲ್ಲಪ್ಪ ನಲ್ಲಿ ನಿಲ್ಲಿಸಿದ. ತೇಲಿ ಹೋದ ತುಂಡುಗಳು ಸಿಕ್ಕ ಸಿಕ್ಕ ಕಡೆ ಕೂತುಕೊಂಡವು. ಉಳಿದದ್ದು ಕಣಕಾಲಿಗೆ ಸ್ವಲ್ಪ ಕಡಿಮೆ ಆಳದ ಕೆಸರು. ಗೋಪುರದ ಗಡಿಯಾರ ಹತ್ತೂ ಹತ್ತು ತೋರಿಸುತ್ತಿತ್ತು, ಎಂದರೆ ನಿಜವಾಗಿ ಹತ್ತೂ ಇಪ್ಪತ್ತು. ಇನ್ನು ಹತ್ತು ನಿಮಿಷದಲ್ಲಿ ಗಂಟೆ ಬಾರಿಸಿದರೆ ಆರುನೂರು ಜನ ಇದರ ಮೇಲೆ ನಡೆಯುತ್ತಾರೆ. ಅವನು ಓಡಿಹೋಗಿ ಹಗ್ಗ ತಂದು ಎರಡು ತುದಿಗೂ ಗೂಟ ಹೊಡೆದು ಕಟ್ಟಿದ. 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಹಳೆಯ ಬೋರ್ಡನ್ನು ಕೆಸರಿನ ನಡುವೆ ನಿಲ್ಲಿಸಿದ. ಸುತ್ತ ಹುಲ್ಲೇ ಇಲ್ಲದ ಕಡೆ ಆ ಬೋರ್ಡು ಸ್ವಲ್ಪ ವಿಚಿತ್ರವಾಗಿ ಕಾಣುತ್ತಿತ್ತು.

ಗಂಟೆ ಬಾರಿಸಿತು. ಮೆಟ್ಟಿಲಿಳಿದ ವಿದ್ಯಾರ್ಥಿಗಳು ಹಗ್ಗ ಕಂಡು ನಿಂತರು. ಕಲ್ಲಿನ ದಾರಿ ಅಲ್ಲೇ ಪಕ್ಕದಲ್ಲಿತ್ತು. ಅದರ ಕಡೆ ಒಬ್ಬರಾದರೂ ತಿರುಗಿ ನೋಡಿದ್ದರೆ ಕೇಳಿ. ನಲವತ್ತು ವರ್ಷದಿಂದ ಯಾರೂ ನಡೆಯದ ದಾರಿ ಅದು, ಇದೆ ಎಂಬುದೇ ಮರೆತುಹೋಗಿತ್ತು. ಗುಂಪು ಗುಂಪಾಗಿ ಹಿಂದಕ್ಕೆ ಹೋಗತೊಡಗಿದರು.

ಇದನ್ನು ಎದುರಿನಿಂದ ನೋಡುತ್ತಿದ್ದ ಕ್ಯಾಂಟೀನ್ ಅಣ್ಣ ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ಬಂದ.

"ಏನಪ್ಪ ಇದು? ನನ್ನ ಹೊಟ್ಟೆ ಮೇಲೆ ಯಾಕೆ ಹಗ್ಗ ಕಟ್ಟಿದೀಯ?"

"ಅಣ್ಣ, ಇವತ್ತೊಂದು ದಿನ ಸುಮ್ಮನಿರು. ತೀರ್ಪುಗಾರರು ಬರ್ತಾರೆ."

"ತೀರ್ಪುಗಾರರು ಬಂದು ನನ್ನ ಮುನ್ನೂರು ಬನ್ನು ತಿಂತಾರೇನು? ಬೆಳಗ್ಗೆ ನಾಲ್ಕಕ್ಕೆ ಎದ್ದು ಬೇಯಿಸಿದೀನಿ."

"ಅವರನ್ನ ಕಲ್ಲಿನ ದಾರೀಲಿ ಬರೋಕೆ ಹೇಳು."

"ಕಲ್ಲಿನ ದಾರಿ ಸುತ್ತಿ ಬರೋದರೊಳಗೆ ಕಾಫಿ ಆರಿಹೋಗುತ್ತೆ," ಎಂದ ಕ್ಯಾಂಟೀನ್ ಅಣ್ಣ. ಕಾಫಿ ಇರುವುದು ಕ್ಯಾಂಟೀನಿನಲ್ಲಿ, ಸುತ್ತಿ ಬರುವವರು ಹೊರಗೆ, ಹಾಗಿರುವಾಗ ಅದು ಹೇಗೆ ಆರುತ್ತದೆ ಎಂದು ಹುಲ್ಲಪ್ಪ ಯೋಚಿಸುತ್ತಿರುವಾಗಲೇ ಅಣ್ಣ ಹಗ್ಗದ ಗಂಟು ಬಿಚ್ಚಿ ಎರಡೂ ಕೈ ಬೀಸಿ ಕೂಗಿದ. "ಬನ್ನಿ ಬನ್ನಿ, ಕೆಸರು ಬಿಟ್ಟು ಆ ಕಡೆ ಈ ಕಡೆಯಿಂದ ಬನ್ನಿ. ಬನ್ನು ಬಿಸಿ ಇದೆ."

ಬಂದರು. ಕೆಸರಿನ ಎಡಕ್ಕೆ ಮುನ್ನೂರು, ಬಲಕ್ಕೆ ಮುನ್ನೂರು. ಹೋದವರು ಹಾಗೆಯೇ ವಾಪಸು ಬಂದರು. ನೀರು ಕುಡಿದು ಮೆತ್ತಗಾಗಿದ್ದ ಹುಲ್ಲು ಆರುನೂರು ಜೋಡಿ ಕಾಲಿನ ಕೆಳಗೆ ಎರಡು ಸಲ ಸಿಕ್ಕಿ ಮಣ್ಣಿಗೆ ಅಂಟಿಹೋಯಿತು. ಹತ್ತೂ ಮುಕ್ಕಾಲಿಗೆ ಹುಲ್ಲುಹಾಸಿನ ಮೇಲೆ ಒಂದರ ಬದಲು ಮೂರು ದಾರಿಗಳಿದ್ದವು. ಈ ಮೂರು ದಾರಿ ನೋಡಲು ನಿಂತವರು ನಾಲ್ಕನೆಯದಕ್ಕೂ ಶುರು ಹಚ್ಚಿದ್ದರು.

ಹುಲ್ಲಪ್ಪ ಕೈಗಾಡಿಯ ಅಂಚಿನ ಮೇಲೆ ಕುಳಿತು ತಲೆ ಮೇಲೆ ಕೈ ಹೊತ್ತುಕೊಂಡ. ಅಳು ಬರುವಂತಾಗಿತ್ತು. ಐವತ್ತು ದಾಟಿದವನು ಆರುನೂರು ಜನರ ಎದುರಿಗೆ ಅಳುವುದು ಚೆನ್ನಾಗಿರುವುದಿಲ್ಲವೆಂದು ತಡೆದುಕೊಂಡ.

ಗೇಟಿನಿಂದ ಗಾರ್ಡ್ ಬಂದ. ಅವನಿಗೆ ಗೇಟು ಕಾಯುವುದಕ್ಕಿಂತ ಗೇಟಿನೊಳಗಿನ ವಿಷಯಗಳಲ್ಲಿ ಆಸಕ್ತಿ ಹೆಚ್ಚು. ಸೊಂಟದ ಮೇಲೆ ಕೈಯಿಟ್ಟು ಮೂರು ದಾರಿಗಳನ್ನೂ ಎಡದಿಂದ ಬಲಕ್ಕೆ ನೋಡಿದ.

"ಹೋಗಿಸೋಕೆ ಆಗಲ್ಲ ಅಂದರೆ ಮುಚ್ಚಿಬಿಡು," ಎಂದ.

"ಯಾವುದರಲ್ಲಿ ಮುಚ್ಚಲಿ, ನನ್ನ ತಲೆಯಲ್ಲಿ?"

"ಎಲೆ ಇದೆಯಲ್ಲಪ್ಪ. ಮರ ಅಂದಮೇಲೆ ಎಲೆ ಬೀಳಲ್ವಾ? ಬಿದ್ದಿದೆ ಅಂದುಕೋತಾರೆ."

ಹುಲ್ಲಪ್ಪ ಗಾರ್ಡ್‌ನ ಮುಖವನ್ನು ಹೊಸದಾಗಿ ನೋಡಿದವನಂತೆ ನೋಡಿದ. ಆ ತಿಂಗಳು ಬಾದಾಮಿ ಮರಗಳು ಅಂಗೈಯಗಲದ ಕೆಂಪು ಎಲೆಗಳನ್ನು ಹಗಲು ರಾತ್ರಿ ಉದುರಿಸುತ್ತಿದ್ದವು. ಅವತ್ತೇ ಬೆಳಗ್ಗೆ ಐದರಿಂದ ಏಳರವರೆಗೆ ಅವನೂ ಮಾಲಿಗಳೂ ಸೇರಿ ಒಂದೇ ಒಂದು ಎಲೆ ಬಿಡದೆ ಗುಡಿಸಿ, ಹದಿನಾಲ್ಕು ಚೀಲದಲ್ಲಿ ತುಂಬಿ ಜನರೇಟರ್ ಶೆಡ್ಡಿನ ಹಿಂದೆ ಇಟ್ಟಿದ್ದರು. ಗುಡಿಸಿದ ಕೈಯಿಂದಲೇ ಹುಲ್ಲಪ್ಪ ಆ ಚೀಲಗಳನ್ನು ಒಂದೊಂದಾಗಿ ಹೊತ್ತು ತಂದು ಸುರಿದ.

ಮೂರು ದಾರಿಗಳ ಮೇಲೆ ಮಾತ್ರ ಎಲೆ ಹಾಕಿದಾಗ ಹುಲ್ಲಿನ ಮೇಲೆ ಮೂರು ಕೆಂಪು ಪಟ್ಟಿ ಬಿಗಿದಂತಾಗಿ ದಾರಿಗಳು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದವು. ಸರಿ, ನಡುವೆಯೂ ಹಾಕಿದ. ನಡುವೆ ಹಾಕಿದ ಮೇಲೆ ಅಂಚು ಬೋಳಾಗಿ ಕಂಡಿತು, ಅಂಚಿಗೂ ಹಾಕಿದ. ಹುಲ್ಲುಹಾಸಿನ ತುಂಬ ಎಲೆಯಿದ್ದು ಮೆಟ್ಟಿಲು ಚೊಕ್ಕವಾಗಿದ್ದರೆ ಅನುಮಾನ ಬರುತ್ತದೆಂದು ಮೆಟ್ಟಿಲಿಗೂ ಮೊಗಸಾಲೆಗೂ ಹಾಕಿದ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಬೀಸಿ ಎರಡು ಚೀಲದಷ್ಟು ಎಲೆ ಕೊಳಕ್ಕೆ ಹೋಯಿತು, ಅಲ್ಲಲ್ಲಿ ದಾರಿಗಳೂ ನಿಂತ ನೀರೂ ಮತ್ತೆ ಇಣುಕಿದವು. ಬೆಳಗ್ಗೆ ಎಂಟಕ್ಕೆ ಕನ್ನಡಿಯಂತಿದ್ದ ಆವರಣ ಎರಡೂವರೆಯ ಹೊತ್ತಿಗೆ ಯಾರೋ ಮನೆ ಖಾಲಿ ಮಾಡಿಕೊಂಡು ಹೋದ ಅಂಗಳದ ಹಾಗೆ ಆಗಿತ್ತು.

ಆ ಹೊತ್ತಿಗೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ಹತ್ತಿರದಲ್ಲೇ ಹೊಲಿಗೆ ಅಂಗಡಿ ನಡೆಸುತ್ತಿದ್ದ ಅವಳಿಗೆ ಗಂಡ ಡಬ್ಬಿ ಮರೆತು ಹೋಗುವುದು ಅಭ್ಯಾಸವಾಗಿತ್ತು. ತಲೆಯಿಂದ ಕಾಲಿನವರೆಗೆ ಕೆಸರಾಗಿ, ಖಾಲಿ ಚೀಲ ಕೊಡವುತ್ತ ನಿಂತ ಗಂಡನನ್ನೂ ಸುತ್ತ ಹರಡಿದ ಎಲೆಯನ್ನೂ ಅವಳು ನೋಡಿದಳು.

"ಮನೇಲಿ ಕುಡಿದ ಲೋಟ ಎತ್ತಿಡಲ್ಲ. ಇಲ್ಲಿ ಕಸ ಹರಡೋಕೆ ಇಷ್ಟು ಶ್ರಮ ಪಡ್ತೀರಾ?" ಎಂದಳು.

ಹುಲ್ಲಪ್ಪ ನಡೆದದ್ದೆಲ್ಲ ಹೇಳಿದ. ದಾಖಲೆ ಕೋಣೆಯ ಮಾತು ಬಂದಾಗ ಅವನು ಖಾಲಿ ಚೀಲವನ್ನು ಮಡಿಚತೊಡಗಿದ. ಹೆಂಡತಿಯ ಮುಖ ಮೆತ್ತಗಾಯಿತು. ಡಬ್ಬಿ ಮೆಟ್ಟಿಲ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಅವಳೇ ಕೆಲಸಕ್ಕೆ ಇಳಿದಳು. "ಬೋರ್ಡ್ ಇಟ್ಟರೆ ಇಲ್ಲೇನೋ ಆಗಿದೆ ಅಂತ ನೀವೇ ತೋರಿಸಿಕೊಟ್ಟ ಹಾಗಲ್ವಾ" ಎಂದು ಬೋರ್ಡು ಕಿತ್ತಳು. ಗೂಟ ಕಿತ್ತಳು, ಹಗ್ಗ ಸುತ್ತಿಟ್ಟಳು, ಕೈಗಾಡಿಯನ್ನೂ ಸಲಿಕೆಯನ್ನೂ ಬೇಲಿಯ ಹಿಂದೆ ತಳ್ಳಿದಳು.

"ಬಂದವರು ಕೇಳಿದರೆ ಏನು ಹೇಳ್ತೀರಾ?"

"ಏನು ಹೇಳಲಿ?"

"ಹಾಲು ಉಕ್ಕಿ ಒಲೆಯೆಲ್ಲ ಆದಾಗ ಮನೇಲಿ ಏನು ಹೇಳ್ತೀರೋ ಅದೇ ಹೇಳಿ. ನಾನು ಏನೂ ಮಾಡಿಲ್ಲ, ನಾನು ಮುಟ್ಟೇ ಇಲ್ಲ ಅಂತ."

ಮೂರಕ್ಕೆ ಸರಿಯಾಗಿ ತೀರ್ಪುಗಾರರ ಕಾರು ಬಂತು. ಮೂವರು ಇಳಿದರು. ಇಬ್ಬರು ಗಂಡಸರು ಫೈಲು ಹಿಡಿದುಕೊಂಡು ತಲೆಯಾಡಿಸುವವರು. ಮೂರನೆಯವರು, ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿಸಿ ಹೆಸರು ಮಾಡಿದ್ದ ಎಪ್ಪತ್ತು ವರ್ಷದ ಹೆಂಗಸು, ಕೈಯಲ್ಲಿ ಊರುಗೋಲಿತ್ತು. ತೀರ್ಪು ಅವರದೇ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಬೆಳಗ್ಗಿಂದ ಗೇಟಿನ ಕುಂಡಗಳ ಹತ್ತಿರವೇ ನಿಂತಿದ್ದ ಪ್ರಿನ್ಸಿಪಾಲರು ಅವರನ್ನು ಸ್ವಾಗತಿಸಿ, ಒಳಗೆ ಬಂದು ಒಂದು ಸಲ ಹುಲ್ಲುಹಾಸಿನ ಕಡೆ ನೋಡಿದರು. ಆಮೇಲೆ ಗೋಪುರ ತೋರಿಸಿದರು, ಗುಡ್ಡ ತೋರಿಸಿದರು, ಹುಲ್ಲುಹಾಸು ಕಾಣದ ಹಾಗೆ ಒಂದು ಕಮಾನಿನ ಕೆಳಗೆ ತಾವೇ ಅಡ್ಡ ನಿಂತರು. ಅವರು ಅಗಲವಾಗಿಯೇ ಇದ್ದರು, ಆದರೆ ಕಮಾನು ಇನ್ನೂ ಅಗಲವಾಗಿತ್ತು.

"ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದರು ಆ ಹೆಂಗಸು.

ಪ್ರಿನ್ಸಿಪಾಲರು ಸರಿದರು. ಹಿರಿಯ ತೀರ್ಪುಗಾರ್ತಿ ಮೆಟ್ಟಿಲಿಳಿದು ಎಲೆಗಳ ಮೇಲೆ ಕಾಲಿಟ್ಟರು. ಚರಕ್ ಚರಕ್ ಎಂದು ಸದ್ದಾಯಿತು. ನಾಲ್ಕು ಹೆಜ್ಜೆ ನಡೆದರು. ಐದನೆಯ ಹೆಜ್ಜೆಗೆ ಅವರ ಬಲಗಾಲು ಪಾದ ಮುಳುಗುವಷ್ಟು ಕೆಸರಿನೊಳಗೆ ಹೋಯಿತು. ಕಂಬದ ಮರೆಯಲ್ಲಿದ್ದ ಹುಲ್ಲಪ್ಪ ಕಣ್ಣು ಮುಚ್ಚಿಕೊಂಡ. ಫೈಲಿನವರು ಇಬ್ಬರೂ ಕೈ ಹಿಡಿಯಲು ಓಡಿದರು.

"ಬಿಡಿ," ಎಂದರು ಅವರು. ಕಾಲು ಕಿತ್ತು, ಚಪ್ಪಲಿಯನ್ನು ಕೆಸರಿಗೇ ಬಿಟ್ಟು, ಇನ್ನೊಂದನ್ನೂ ಬಿಚ್ಚಿಹಾಕಿದರು. ಬರಿಗಾಲಿನಲ್ಲಿ ನಿಂತು ಸುತ್ತ ನೋಡಿದರು. "ಬೆಳಗ್ಗಿಂದ ನಾಲ್ಕು ಕಾಲೇಜು ನೋಡಿ ಬಂದೆ. ಎಲ್ಲ ಕಡೆ ಹುಲ್ಲಿಗೆ ಕ್ಷೌರ ಮಾಡಿಸಿ ಕೂರಿಸಿದ್ದಾರೆ. ನದಿಯ ಆಚೆಯವರು ನನ್ನನ್ನ ಹುಲ್ಲಿನ ಮೇಲೆ ಕಾಲಿಡೋಕೇ ಬಿಡಲಿಲ್ಲ. ಎಲೆಗೆ ಎಣ್ಣೆ ಹಚ್ಚೋರನ್ನು ಕೂಡ ಕಂಡಿದೀನಿ."

ಪ್ರಿನ್ಸಿಪಾಲರು ಗೇಟಿನ ಕಡೆ ಬೆನ್ನು ತಿರುಗಿಸಿ ಕೆಮ್ಮಿದರು.

"ಇಲ್ಲಿ ನೋಡಿ. ಉದುರಿದ ಎಲೆ ಉದುರಿದಲ್ಲೇ ಇದೆ. ನೀರು ತನಗೆ ಬೇಕಾದ ಕಡೆ ನಿಂತಿದೆ, ಹಕ್ಕಿ ಬಂದು ಕುಡಿತಾ ಇದೆ. ಹುಲ್ಲು ಅಲ್ಲೊಂದು ಇಲ್ಲೊಂದು ತಾನಾಗೇ ಗುಂಪು ಕಟ್ಟಿಕೊಂಡಿದೆ. ಮಕ್ಕಳು ಇಷ್ಟ ಬಂದ ಕಡೆ ನಡೆದು ಒಂದಲ್ಲ, ಮೂರು ದಾರಿ ಮಾಡಿದಾರೆ." ಅವರ ಧ್ವನಿ ತಗ್ಗಿತು. "ನಾನು ಕಟ್ಟಿದ ಒಂದು ಜಾಗವೂ ಹೀಗಿಲ್ಲ. ಎಲ್ಲ ಕಡೆ ಯಾರೋ ಒಬ್ಬ ಕೈ ಹಾಕಿ ಕೆಡಿಸಿರುತ್ತಾನೆ. ಇಲ್ಲಿ ತೋಟ ನೋಡಿಕೊಳ್ಳೋರು ಯಾರು?"

ಪ್ರಿನ್ಸಿಪಾಲರಿಗೆ ಆ ಮಾತು ಹೊಗಳಿಕೆಯೋ ಬೈಗುಳವೋ ಇನ್ನೂ ತಿಳಿದಿರಲಿಲ್ಲ. ಯಾವುದಕ್ಕೂ ಇರಲಿ ಎಂದು ಕಂಬದ ಮರೆಯಿಂದ ಹುಲ್ಲಪ್ಪನನ್ನು ಎಳೆದು ಮುಂದಕ್ಕೆ ದೂಡಿದರು. "ಇವರೇ ಮೇಡಂ. ಪೂರ್ತಿ ಜವಾಬ್ದಾರಿ ಇವರದೇ. ನಾನು ಮಧ್ಯೆ ತಲೆ ಹಾಕೋದೇ ಇಲ್ಲ."

ಹುಲ್ಲಪ್ಪ ಕೆಸರಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ದೂರದಲ್ಲಿ ನಿಂತಿದ್ದ ಹೆಂಡತಿ ಕಣ್ಣಲ್ಲೇ ಹೇಳಿ ಹೇಳಿ ಎನ್ನುತ್ತಿದ್ದಳು.

"ನಾನು ಏನೂ ಮಾಡಿಲ್ಲ ಮೇಡಂ," ಎಂದ.

"ಏನೂ?"

"ಏನೂ. ನಾನು ಮುಟ್ಟೇ ಇಲ್ಲ."

"ಎಷ್ಟು ದಿನದಿಂದ?"

ಇವತ್ತು ಎಂದರೆ ಅನುಮಾನ ಬರಬಹುದು. ಒಂದು ವಾರ ಎಂದರೂ ಅದರ ಹಿಂದಿನ ವಾರ ಏನು ಮಾಡಿದೆ ಎಂದು ಕೇಳಬಹುದು. ಹುಲ್ಲಪ್ಪ ಯಾವ ಕಡೆಯಿಂದಲೂ ಸಿಕ್ಕಿಬೀಳದ ಉತ್ತರ ಹುಡುಕಿದ.

"ಬಂದಾಗಿನಿಂದ ಮೇಡಂ. ಹತ್ತೊಂಬತ್ತು ವರ್ಷದಿಂದ."

ಹಿರಿಯ ತೀರ್ಪುಗಾರ್ತಿ ಅವನನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಫೈಲಿನವರ ಕಡೆ ತಿರುಗಿ, "ಬರೆದುಕೊಳ್ಳಿ," ಎಂದರು.

ನಾಲ್ಕೂವರೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಮೊದಲ ಬಹುಮಾನ ಘೋಷಣೆಯಾಯಿತು. ತೀರ್ಪುಗಾರರ ಕಾರು ಗೇಟು ದಾಟುವುದರೊಳಗೆ ಪ್ರಿನ್ಸಿಪಾಲರು ಷಡ್ಡಕರಿಗೆ ಫೋನು ಮಾಡಿ, "ನಿಮ್ಮ ಹುಲ್ಲು ಹೇಗಿದೆ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಫೋನಿಟ್ಟು ಹುಲ್ಲಪ್ಪನನ್ನು ಅಪ್ಪಿಕೊಂಡರು. ಅವರ ಬಿಳಿ ಅಂಗಿಯ ಮೇಲೆ ಮೂಡಿದ ಕೆಸರನ್ನೂ ಗಮನಿಸಲಿಲ್ಲ. ಸಸ್ಯಶಾಸ್ತ್ರದ ಮೇಷ್ಟ್ರು ನೀರಿನ ಸಲಹೆ ತಮ್ಮದೆಂದರು, ಕ್ಯಾಂಟೀನ್ ಅಣ್ಣ ಉಳಿದೆರಡು ದಾರಿ ತನ್ನದೆಂದ, ಎಲೆಯ ಯೋಚನೆ ಬಂದದ್ದು ಯಾರಿಗೆಂದು ಗಾರ್ಡ್ ಎಲ್ಲರಿಗೂ ತಿಳಿಸಿದ. ಹುಲ್ಲಪ್ಪನಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ನಾಳೆ ಬೆಳಗ್ಗೆ ಐದಕ್ಕೆ ಹುಲ್ಲಿನ ಮೇಲೆ ನಿಲ್ಲಬಹುದು ಎಂಬುದೊಂದೇ ಅವನ ತಲೆಯಲ್ಲಿತ್ತು. ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ಬಾಗಿಲು ಹಾಕಿ, ತೀರ್ಪುಗಾರರು ಬಿಟ್ಟು ಹೋದ ಪತ್ರವನ್ನು ಅವನ ಮುಂದಿಟ್ಟರು.

"ಬಹುಮಾನಕ್ಕೆ ಒಂದು ಷರತ್ತು ಇದೆ ಹುಲ್ಲಪ್ಪ. ಮುಂದಿನ ಐದು ವರ್ಷ ಈ ತೋಟಕ್ಕೆ ಯಾರ ಕೈಯೂ ತಾಗಬಾರದು. ಹೇಳದೆ ಕೇಳದೆ ಬಂದು ನೋಡ್ತಾರಂತೆ. ಯಾರಾದರೂ ಗುಡಿಸಿದ್ದು, ಕತ್ತರಿಸಿದ್ದು ಕಂಡರೆ ಬಹುಮಾನ ವಾಪಸು. ಎರಡನೇ ಸ್ಥಾನದವರಿಗೆ ಕೊಟ್ಟುಬಿಡ್ತಾರೆ."

"ಆಗಲಿ ಸಾರ್. ನಾನು ಮುಟ್ಟಲ್ಲ. ಸುಮ್ಮನೆ ನೋಡಿಕೊಂಡು ಇರ್ತೀನಿ."

"ನೋಡಿಕೊಂಡು ಇರ್ತೀರಾ? ಹತ್ತೊಂಬತ್ತು ವರ್ಷ ಹುಲ್ಲು ಕತ್ತರಿಸಿದ ಕೈ ಅದು. ಒಂದು ಕಳೆ ಕಂಡರೆ ಸುಮ್ಮನಿರುತ್ತಾ? ನಿಮ್ಮನ್ನ ಆ ಹುಲ್ಲಿನ ಹತ್ತಿರ ಬಿಡೋದಕ್ಕಿಂತ ಅಪಾಯ ಬೇರೆ ಇಲ್ಲ." ಪ್ರಿನ್ಸಿಪಾಲರು ಡ್ರಾಯರು ಎಳೆದು ತುಕ್ಕು ಹಿಡಿದ ಒಂದು ಬೀಗದ ಕೈ ತೆಗೆದರು. "ಇದು ಶಿಕ್ಷೆ ಅಂತ ತಿಳ್ಕೋಬೇಡಿ. ಮಾಲಿಗಳನ್ನ ಹಾಸ್ಟೆಲಿಗೆ ಹಾಕ್ತೀನಿ. ನಿಮಗೆ ಮಾತ್ರ ಕುರ್ಚಿ ಮೇಜು ಇರೋ ಕೆಲಸ."

"ಸಾರ್, ಬೆಳಗ್ಗಿಂದ ನಾನು ಎಷ್ಟು ಕಷ್ಟಪಟ್ಟು..."

"ಮೆತ್ತಗೆ ಮಾತಾಡಿ," ಎಂದು ಪ್ರಿನ್ಸಿಪಾಲರು ಬಾಗಿಲ ಕಡೆ ನೋಡಿದರು. "ನೀವು ಕಷ್ಟಪಟ್ಟಿದೀರಿ ಅಂತ ಯಾರಿಗಾದರೂ ಗೊತ್ತಾದರೆ ನಮ್ಮ ಕಥೆ ಮುಗೀತು."

ಐದೂವರೆಗೆ ಹುಲ್ಲಪ್ಪ ಇಪ್ಪತ್ತಾರು ಮೆಟ್ಟಿಲಿಳಿದು ದಾಖಲೆ ಕೋಣೆಯ ಬೀಗ ತೆಗೆದ. ಕಿಂಡಿಯಲ್ಲಿ ಸಂಜೆಯ ಬೆಳಕು ಅಷ್ಟಗಲ ಬಿದ್ದಿತ್ತು. ಮೂಗು ಕಟ್ಟುವ ಧೂಳು, ಚಾವಣಿಯವರೆಗೂ ಕಾಗದದ ಕಟ್ಟು. ಅವನು ಬಾಗಿಲನ್ನು ಆದಷ್ಟೂ ಅಗಲ ತೆರೆದಿಟ್ಟು ಕುರ್ಚಿಯ ಮೇಲೆ ಕುಳಿತ. ಕೂತು ಎರಡು ನಿಮಿಷವಾಗಿರಲಿಲ್ಲ, ಜವಾನ ಬಂದು ಒಂದು ಕಾಗದ ಕೊಟ್ಟ. "ಸಾಹೇಬರು ಕಳಿಸಿದ್ದಾರೆ. ನಿಮ್ಮ ಕೋಣೆಯ ಮೊದಲನೇ ಕಾಗದ. ಓದಿ ಸಹಿ ಮಾಡಿ ಫೈಲಿಗೆ ಹಾಕಬೇಕಂತೆ."

ಅದು ಪ್ರಶಸ್ತಿ ಪತ್ರದ ಪ್ರತಿ. 'ಹತ್ತೊಂಬತ್ತು ವರ್ಷಗಳಿಂದ ಯಾವ ಮನುಷ್ಯನ ಕೈಯೂ ತಾಗದೆ ಬೆಳೆದ ಈ ತೋಟ' ಎಂದು ಶುರುವಾಗಿತ್ತು. ಕೆಳಗೆ ಗುಮಾಸ್ತರು ಸಹಿ ಮಾಡಬೇಕಾದ ಸಾಲು. 'ಕಾಲೇಜಿನ ದಾಖಲೆಗಳೊಂದಿಗೆ ಹೋಲಿಸಿ ನೋಡಿದ್ದೇನೆ, ಮೇಲಿನ ಸಂಗತಿ ಸತ್ಯವಾಗಿದೆ.'

ಹುಲ್ಲಪ್ಪ ಎರಡು ಸಲ ಓದಿದ. ಪೆನ್ನು ತೆಗೆದು, ಯಾರೂ ಕರೆಯದ ತನ್ನ ನಿಜವಾದ ಹೆಸರನ್ನು ಗುಂಡಗೆ ಬರೆದ. ಕಾಗದ ಎತ್ತಿದಾಗ ಅದರ ಮೂಲೆಯಲ್ಲಿ ಅವನ ಹೆಬ್ಬೆರಳಿನ ಕೆಸರು ಅಂಟಿತ್ತು. ಜವಾನ ನೋಡುವ ಮೊದಲೇ ಅಂಗಿಯ ತುದಿಯಿಂದ ಅದನ್ನು ಒರೆಸತೊಡಗಿದ.